ಮಾವನ ಕಾಲು ಮತ್ತು ತಿರುಗುವ ಕುರ್ಚಿ

"ಅಮ್ಮಾ, ತಾತ ಯಾಕೆ ಒಂದೇ ಚಪ್ಪಲಿ ಹಾಕ್ಕೊಂಡು ಬಂದಿದ್ದಾರೆ?"

ಮಗಳು ಹೀಗೆ ಕೇಳಿದಾಗ ಸೊಸೆ ಒಲೆಯ ಮುಂದಿದ್ದಳು. ಇಣುಕಿ ನೋಡಿದರೆ, ತಮ್ಮ ಕ್ಷೌರದಂಗಡಿಯಿಂದ ಊಟಕ್ಕೆ ಬಂದ ಮಾವ ಹೊಸಿಲ ಬಳಿ ನಿಂತಿದ್ದಾರೆ. ಎಡಗಾಲು ಬರಿದು. ಚಪ್ಪಲಿ ಬೀದಿಯಲ್ಲೆಲ್ಲೋ ಕಳಚಿಕೊಂಡಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

"ಗಾಳಿ ಆಡಲಿ ಅಂತ ನಾನೇ ಬಿಟ್ಟು ಬಂದೆ," ಎಂದರು ಮಾವ.

"ಒಂದೇ ಕಾಲಿಗೆ ಸೆಕೆಯಾ?" ಎಂದು ಅತ್ತೆ ಒಳಗಿನಿಂದಲೇ ಕೇಳಿದರು.

ಮಾವನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿತ್ತು. ಈಚೆಗೆ ಬೀಳುವುದೂ ಸೇರಿಕೊಂಡಿತ್ತು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಸಾಕು, ತೂರಾಡುತ್ತಿದ್ದರು. ಬಚ್ಚಲಲ್ಲಿ ಬಿದ್ದರೆ ತಪ್ಪು ಸೋಪಿನದು, ಅಂಗಳದಲ್ಲಿ ಬಿದ್ದರೆ ಕಲ್ಲಿನದು.

"ಈ ಮನೇಲಿ ತಪ್ಪೇ ಮಾಡದಿರೋದು ನಿಮ್ಮ ಕಾಲು ಮಾತ್ರ ಬಿಡಿ," ಎನ್ನುತ್ತಿದ್ದರು ಅತ್ತೆ.

ಕ್ಷೌರ ಮಾಡುವಾಗ ಮಾವನಿಗೊಂದು ಅಭ್ಯಾಸ. ಕಿವಿಯ ಪಕ್ಕದ ಕೂದಲು ಎರಡೂ ಕಡೆ ಸಮವಾಗಿದೆಯೇ ಎಂದು ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಕಿರಿದು ಮಾಡಿ ನೋಡುವುದು. ಚಪ್ಪಲಿ ಕಳೆದುಹೋದ ವಾರದಲ್ಲೇ ಹಾಗೆ ಸರಿದವರು, ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಮೇಷ್ಟ್ರ ತೊಡೆಯ ಮೇಲೆ ದೊಪ್ಪನೆ ಕೂತುಬಿಟ್ಟರು. ಕೈಯಲ್ಲಿದ್ದ ಕತ್ತಿ ಟಣ್ಣೆಂದು ನೆಲಕ್ಕೆ ಬಿತ್ತು.

"ನನ್ನ ಸರದಿ ಬರೋ ಮುಂಚೆ ನೀವೇ ಬಂದ್ರಲ್ಲಾ," ಎಂದು ಮೇಷ್ಟ್ರು ನಕ್ಕರು. ಕುರ್ಚಿಯಲ್ಲಿದ್ದವನು ಮಾತ್ರ ನಗಲಿಲ್ಲ. ಅರ್ಧ ಗಡ್ಡದ ನೊರೆಯನ್ನು ತಾನೇ ಒರೆಸಿಕೊಂಡು ಎದ್ದು ಹೋದ. ಮರುದಿನದಿಂದ ಗಿರಾಕಿಗಳು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಮೇಷ್ಟ್ರು ಕೂಡ, "ಗಡ್ಡ ಬಿಡೋಣ ಅಂತಿದ್ದೀನಿ," ಎಂದು ದೂರದಿಂದಲೇ ಹೇಳಿ ಹೋದರು. ಮನೆಯಲ್ಲಿ ಮಾವನ ಹಾಸ್ಯ ನಿಂತಿತು. ಅಂಗಡಿ ಮುಚ್ಚಬೇಕಾಗುತ್ತದೇನೋ ಎಂದು ಅವರಿಗೆ ಊಟವೇ ಸೇರುತ್ತಿರಲಿಲ್ಲ.

ಸೊಸೆ ಅವರನ್ನು ಡಾಕ್ಟರ ಬಳಿಗೆ ಎಳೆದುಕೊಂಡೇ ಹೋದಳು. ಡಾಕ್ಟರು ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ, ಯಾವ ಕಡೆ ಎಂದು ಕೇಳಿದರು. ಮಾವ ಧೈರ್ಯವಾಗಿ ಕೊಟ್ಟ ಐದು ಉತ್ತರಗಳಲ್ಲಿ ನಾಲ್ಕು ತಪ್ಪು.

"ಸಕ್ಕರೆಯಿಂದ ಪಾದದ ನರಗಳು ಮಂಕಾಗಿವೆ. ನೆಲ ಎಲ್ಲಿದೆ ಅಂತ ಕಾಲು ಹೇಳ್ತಿಲ್ಲ, ಕಣ್ಣೇ ನೋಡ್ಕೋಬೇಕು. ಕೈ ಮಾತ್ರ ಗಟ್ಟಿಯಾಗಿದೆ."

ಹಿಮ್ಮಡಿ ಹಿಡಿಯುವ ಬೂಟು ಬಂತು, ಬಚ್ಚಲ ಗೋಡೆಗೆ ಹಿಡಿಕೆ ಬಂತು. ಮಾವ ದಿನಾ ಮೇಜು ಹಿಡಿದು ನಿಲ್ಲುವ ವ್ಯಾಯಾಮ ಮಾಡುವಾಗ ಮೊಮ್ಮಗಳು ಎಣಿಸುತ್ತಿದ್ದಳು. ರಾತ್ರಿ ಮಲಗುವ ಮುಂಚೆ ಅತ್ತೆ ಅವರ ಅಂಗಾಲು ತಿರುಗಿಸಿ, ಗಾಯವಿದೆಯೇ ಎಂದು ನೋಡುತ್ತಿದ್ದರು.

ಒಂದು ದಿನ ಅಂಗಡಿ ಗುಡಿಸಲು ಹೋದ ಸೊಸೆ, ಮಗಳು ಗಿರಾಕಿಯ ಕುರ್ಚಿಯಲ್ಲಿ ಕೂತು ಗಿರಗಿರ ತಿರುಗುವುದನ್ನು ನೋಡಿ ನಿಂತಳು.

"ಮಾವ, ಕುರ್ಚಿನೇ ತಿರುಗುತ್ತಲ್ಲಾ. ಮೂವತ್ತು ವರ್ಷದಿಂದ ನೀವ್ಯಾಕೆ ಇದನ್ನ ಸುತ್ತುತ್ತಿದ್ದೀರಿ?"

"ಕೂತ್ಕೊಂಡು ಕತ್ತರಿ ಹಿಡಿಯೋದು ದರ್ಜಿ ಕೆಲಸ ಕಣಮ್ಮಾ," ಎಂದು ಮಾವ ಗೊಣಗಿದರು. ಆದರೂ ಮರುದಿನ ಅಗಲ ಕಾಲಿನ ಗಟ್ಟಿ ಸ್ಟೂಲೊಂದು ತರಿಸಿದರು. ಅಂಗಡಿ ಬಾಗಿಲು ಹಾಕಿಕೊಂಡು, ಕೈ ಪಳಗಲೆಂದು ಕೂತಲ್ಲೇ ಹನ್ನೊಂದು ಬಲೂನುಗಳಿಗೆ ನೊರೆ ಹಚ್ಚಿ ಕತ್ತಿಯಿಂದ ಹೆರೆದರು. ಎರಡು ಒಡೆದವು, ಅದು ಬಲೂನಿನದೇ ತಪ್ಪು. ಉಳಿದ ಒಂಬತ್ತಕ್ಕೆ ಒಂದು ಗೀರೂ ಇರಲಿಲ್ಲ.

ಸಂಜೆ ಬಟ್ಟೆ ಮಡಿಸುತ್ತಿದ್ದ ಸೊಸೆಯ ಬಳಿ ಬಂದು, ಮೊದಲು ಗೋಡೆ ಹಿಡಿದು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಬಲೂನು ಹೋಗಿ ಯಾರ ಹತ್ರಾನೂ ಸಾಕ್ಷಿ ಹೇಳಲ್ಲ ನೋಡು. ನಾಳೆ ಬೆಳಿಗ್ಗೆ ಮೇಷ್ಟ್ರು ವಾಕಿಂಗ್ ಮುಗಿಸಿ ಬರೋ ಹೊತ್ತಿಗೆ ಕೂಸನ್ನ ಅಂಗಡಿಗೆ ಕರ್ಕೊಂಡು ಬರ್ತೀಯಾ? ಬಾಗಿಲು ಪೂರ್ತಿ ತೆಗೆದಿಟ್ಟು, ಕೂತೇ ಅವಳ ಕೂದಲು ಕತ್ತರಿಸ್ತೀನಿ. ನೀನು ಪಕ್ಕದಲ್ಲಿ ಸುಮ್ನೆ ಪೇಪರ್ ಓದ್ತಾ ಇರಬೇಕು. ಒಂದ್ಸಲಾನೂ ತಲೆ ಎತ್ತಿ ನೋಡಬಾರದು. ಆಗುತ್ತಾ ನಿನ್ನ ಕೈಲಿ?"