ಅರಳದ ಸಂಡಿಗೆ

ವಿಶ್ವಕಪ್ಪಿಗಾಗಿ ದೋಹಾ ಹೊಸ ಬಣ್ಣ ಬಳಿದುಕೊಳ್ಳುತ್ತಿದ್ದ ಆ ವರ್ಷಗಳಲ್ಲಿ ನಾನು ಮಣ್ಣಿನಲ್ಲಿ ಕೊಳೆತುಹೋಗುವ ಪ್ಲಾಸ್ಟಿಕ್ ಚೀಲ ಮಾಡುವ ಹಟಕ್ಕೆ ಬಿದ್ದಿದ್ದೆ. ನಮ್ಮ ಲ್ಯಾಬಿನಲ್ಲಿ ಖರ್ಜೂರದ ಗರಿಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನಾರು ತೆಗೆದು, ಚೀಲ ಗಟ್ಟಿಯಾಗಲೆಂದು ಪ್ಲಾಸ್ಟಿಕ್ಕಿಗೆ ಬೆರೆಸುತ್ತಿದ್ದೆವು. ಒಣಗಿಸಿದರೆ ನಾರು ಗಂಟುಕಟ್ಟಿ ಕಲ್ಲಾಗುತ್ತಿತ್ತು. ಒದ್ದೆಯಾಗಿಯೇ ಹಾಕಿದರೆ ನೀರು ಕುದಿದು ಚೀಲದ ತುಂಬ ಗುಳ್ಳೆ. ತೆಂಗಿನಕಾಯಿ ಹಾಕಿ ಎತ್ತಿದರೆ ಪರ್ರನೆ ಹರಿಯುತ್ತಿತ್ತು. ಕೊನೆಗೆ ನೀರು ಹೀರುವ ಆ ನಾರಿಗೆ, ನೀರನ್ನು ದೂರವಿಡಲೆಂದು, ಎಣ್ಣೆಯ ಗುಣ ಹತ್ತಿಸಿದೆವು. ಮತ್ತೆ ಕಲ್ಲಾದೀತೆಂದು ಅದನ್ನು ಒಣಗಿಸಿ ನೋಡಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ.

"ಈ ಸಲವೂ ಹರಿದರೆ ಖಲಾಸ್, ಇದನ್ನು ಇಲ್ಲಿಗೇ ನಿಲ್ಲಿಸೋಣ" ಎಂದಿದ್ದರು ನಮ್ಮ ಈಜಿಪ್ಟಿನ ಬಾಸ್.

ಲ್ಯಾಬಿನ ಫ್ರಿಜ್ಜು ಕೆಟ್ಟಿದ್ದರಿಂದ, ಉಳಿದಿದ್ದ ಒಂದೇ ಒಂದು ಡಬ್ಬ ಒದ್ದೆ ನಾರಿನ ಲೋಳೆಯನ್ನು ನಜ್ಮಾ ಬಡಾವಣೆಯ ನಮ್ಮ ಮನೆಗೆ ತಂದಿಟ್ಟೆ. ಮೈಸೂರಿನಿಂದ ಅತ್ತೆ ಬಂದಿದ್ದರು. ಇಷ್ಟೊಂದು ಬಿಸಿಲು ದಂಡವಾಗುತ್ತಿದೆ ಎಂಬುದೇ ಅವರಿಗೆ ಸಂಕಟ.

ಮರುದಿನ ಸಂಜೆ ಬಂದು ನೋಡಿದರೆ ಡಬ್ಬ ತೊಳೆದು ಬೋರಲು ಹಾಕಿತ್ತು.

"ಸಂಡಿಗೆ ಹಿಟ್ಟು ಮಾಡಿಟ್ಟು ಮರ್ತೇಬಿಟ್ಟಿದ್ದೀಯಲ್ಲಮ್ಮ! ಉಪ್ಪು ನೀನೇ ಹಾಕಿರ್ತೀಯ ಅಂತ ಬರೀ ಜೀರಿಗೆ ಹಾಕಿ ಟೆರೇಸಲ್ಲಿ ಇಟ್ಬಿಟ್ಟೆ. ಒಂದು ಕರಿದೂ ನೋಡ್ದೆ. ಅರಳ್ಲೇ ಇಲ್ಲ. ಈ ಊರಿನ ಸಬ್ಬಕ್ಕಿ ಸರಿಯಿಲ್ಲ."

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡು, "ಅದು ಲ್ಯಾಬಿಂದು ಅತ್ತೆ, ನಾಳೆ ಬೇಕಾಗಿತ್ತು" ಎಂದೆ. ಅವರ ಮುಖ ಸಣ್ಣದಾಯಿತು. ಇಬ್ಬರೂ ಕೂತು ಸಂಡಿಗೆ ಮುರಿದು ಮುರಿದು ಜೀರಿಗೆ ಆರಿಸಿದೆವು.

ಬೆಳಿಗ್ಗೆ ಬೇರೆ ದಾರಿ ಕಾಣದೆ ಅದನ್ನೇ ಪುಡಿ ಮಾಡಿ ಪ್ಲಾಸ್ಟಿಕ್ಕಿನ ಜೊತೆ ಮಷೀನಿಗೆ ಸುರಿದೆ. ಗಂಟಿಲ್ಲ, ಗುಳ್ಳೆಯಿಲ್ಲ! ಎಣ್ಣೆಯ ಗುಣ ಹತ್ತಿದ ನಾರು ಒಣಗಿದರೂ ಒಂದಕ್ಕೊಂದು ಅಂಟಿರಲಿಲ್ಲ. ಬಾಸ್ ತೆಂಗಿನಕಾಯಿ ತುಂಬಿ ಎತ್ತಿದರು, ಜಗ್ಗಿದರು. ಚೀಲ ಜಪ್ಪಯ್ಯ ಅನ್ನಲಿಲ್ಲ.

"ಯಲ್ಲಾ, ನಡೆಯಿರಿ, ಮುಂದುವರಿಸಿ. ಆದರೆ ಈ ಕಂದು ಚುಕ್ಕೆ ಏನು?"

"ಜೀರಿಗೆ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಹರೀತಾ?"

"ಇಲ್ಲ ಅತ್ತೆ."

ನಾನು ತಂದಿದ್ದ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಒಂದು ಜೀರಿಗೆ ಉಳ್ಕೊಂಡ್‌ಬಿಟ್ಟಿದೆಯಲ್ಲಮ್ಮ" ಎಂದು ನೊಂದುಕೊಂಡರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು:

"ನಾಳೆ ಇನ್ನೊಂದು ಡಬ್ಬ ತಂದುಬಿಡು. ಬಿಸಿಲು ಸುಮ್ನೆ ಹೋಗ್ತಿದೆ."