ಬಿಚ್ಚಿಕೊಳ್ಳುವ ಬಲಗೈ

ಹಗಲು ಅವಳು ಬಿಸ್ಕತ್ತು ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆ ತುಂಬುತ್ತಾಳೆ. ಸಂಜೆ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಗುದ್ದುವುದನ್ನು ಕಲಿಯುತ್ತಾಳೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಬಾಕ್ಸ್’ ಎಂಬ ಒಂದೇ ಕ್ರಿಯಾಪದ. ಅರ್ಥಗಳಿಗೆ ಮಾತ್ರ ಎತ್ತಣಿಂದೆತ್ತ ಸಂಬಂಧ! ಇವಳ ಬಾಳಿನಲ್ಲಿ ಸಂಬಂಧ ಬಿದ್ದದ್ದು ಬಲಗೈಯಿಂದ. ಶೆಡ್ಡಿನವರು ಅವಳನ್ನು ಕರೆಯುವುದೇ ‘ಪೆಟ್ಟಿಗೆ’ ಎಂದು.

ಮುಚ್ಚಳ ಮಡಚಿ, ಟೇಪು ಎಳೆದು, ಅಂಗೈಯಿಂದ ಫಟ್ಟೆಂದು ತಟ್ಟಿ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳುವುದು ಕಾರ್ಖಾನೆಯ ಕ್ರಮ. ವರ್ಷಗಟ್ಟಲೆ ಆ ಕೈ ಅದನ್ನೇ ಮಾಡಿದೆ. ದಣಿದಾಗ ಅಖಾಡದಲ್ಲೂ ಗ್ಲೋವಿನೊಳಗಿನ ಮುಷ್ಟಿ ಬಿಚ್ಚಿಕೊಳ್ಳುತ್ತದೆ, ಏಟು ಅಂಗೈಯಿಂದ ಬೀಳುತ್ತದೆ. ಅದು ತಪ್ಪು. ಮೂರನೆಯ ಎಚ್ಚರಿಕೆಗೆ ಪಂದ್ಯದಿಂದಲೇ ಹೊರಗೆ.

ಜಿಲ್ಲಾ ತಂಡದಲ್ಲಿ ಅವಳ ತೂಕದವರಿಗೆ ಇದ್ದದ್ದು ಒಂದೇ ಜಾಗ. ಅದಕ್ಕಾಗಿ ಎದುರು ನಿಂತವಳು ಲಾರಿ ಚಾಲಕನ ಮಗಳು. ಮೊದಲ ಸುತ್ತಿನಲ್ಲೇ ಅವಳು ಇವಳ ಮೂಗು ಒಡೆದಳು. ಇವಳು ಅವಳ ಹುಬ್ಬು ಸೀಳಿದಳು. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಬಲಗೈ ಎರಡು ಸಲ ತಟ್ಟಿತ್ತು, ಎರಡು ಎಚ್ಚರಿಕೆ ಬಿದ್ದಿತ್ತು.

ಮೂಲೆಯಲ್ಲಿ ಕೋಚ್ ಅವಳ ಮೂಗಿಗೆ ಹತ್ತಿ ತುರುಕಿದರು. “ಏನೇ ಪೆಟ್ಟಿಗೆ, ಅವಳೇನು ಬಿಸ್ಕತ್ತಾ, ತಟ್ಟಿ ತಟ್ಟಿ ಕಳಿಸೋಕೆ?”

“ಕೈ ಮಾತು ಕೇಳ್ತಿಲ್ಲ ಸರ್.”

“ಹಾಗಾದ್ರೆ ಕೆನ್ನೆಗೆ ಅಂಟಿಸ್ಕೊಂಡಿರು. ಎಡಗೈಲೇ ಹೊಡಿ.”

“ಎಡಪಕ್ಕೆ ಖಾಲಿ ಆಗುತ್ತಲ್ಲ, ಏಟು ತಿನ್ಬೇಕಾಗುತ್ತೆ.”

“ತಿನ್ನು. ಬೇಡ ಅಂದೋರ್ಯಾರು? ಹೊಟ್ಟೆ ತುಂಬ ತಿನ್ನು.”

ತಿಂದಳು. ಎಡಗೈ ಬೀಸಿದಾಗಲೆಲ್ಲ ಎದುರಾಳಿಯ ಮುಷ್ಟಿ ಪಕ್ಕೆಗೆ ಇಳಿಯಿತು, ಮತ್ತೆ ಅದೇ ಜಾಗಕ್ಕೆ. ಒಂದು ಗುದ್ದಿಗೆ ಒಳಗೇನೋ ಲಟಕ್ಕೆಂದಿತು. ಹಗ್ಗಕ್ಕೆ ಬೆನ್ನು ಕೊಟ್ಟು ನಿಂತಳು. ಎದುರಾಳಿ ಮುಗಿಸಲೆಂದು ನುಗ್ಗಿದಳು. ನುಗ್ಗಿದ ಭರಕ್ಕೆ ಇವಳ ಎಡಮುಷ್ಟಿ ನೇರ ಅವಳ ಗದ್ದಕ್ಕೆ ಬಡಿಯಿತು, ಬೆನ್ನಲ್ಲೇ ಸೀಳಿದ ಹುಬ್ಬಿಗೆ, ಮತ್ತೆ ಗದ್ದಕ್ಕೆ. ಲಾರಿ ಚಾಲಕನ ಮಗಳು ಕುಕ್ಕರಿಸಿದಳು. ಎದ್ದಳು ನಿಜ, ಆದರೆ ಕಣ್ಣಿಗೆ ರಕ್ತ ಇಳಿದಿತ್ತು. ಕೊನೆಯ ಸುತ್ತಿನ ಗಂಟೆ ಬಾರಿಸುವವರೆಗೂ ಅವಳು ಹೊಡೆದದ್ದೆಲ್ಲ ಗಾಳಿಗೆ. ಇವಳ ಬಲಗೈ ಕೆನ್ನೆ ಬಿಟ್ಟು ಕದಲಲಿಲ್ಲ. ಐವರು ತೀರ್ಪುಗಾರರಲ್ಲಿ ಮೂವರು ಪೆಟ್ಟಿಗೆಯ ಕಡೆ.

ಆಮೇಲೆ ಡಾಕ್ಟರಮ್ಮನ ಪರೀಕ್ಷೆ. ಗೆದ್ದವಳಿಗೆ ಮೂಳೆ ಮುರಿದಿದ್ದರೆ ಜಾಗ ಸೋತವಳಿಗೆ. ಸೋತವಳು ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು, ಇವಳ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ.

ಡಾಕ್ಟರಮ್ಮ ಎಡಪಕ್ಕೆಯನ್ನು ಎರಡು ಬೆರಳಿನಿಂದ ಒತ್ತಿದರು. “ಇಲ್ಲಿ ನೋಯುತ್ತಾ?”

“ಇಲ್ಲ.”

ಇನ್ನೂ ಗಟ್ಟಿಯಾಗಿ ಒತ್ತಿದರು. “ಈಗ?”

ಅವಳ ಹಣೆಯ ಮೇಲೆ ಬೆವರು ಒಡೆಯಿತು. “ಕಚಗುಳಿ ಆಗುತ್ತೆ ಮೇಡಂ,” ಎಂದು ನಕ್ಕಳು. ಹಲ್ಲಿನ ಸಂದಿಯಿಂದ ರಕ್ತ ಜಿನುಗಿತು.

“ಸುಳ್ಳಿ,” ಎಂದಳು ಬಾಗಿಲಲ್ಲಿದ್ದವಳು.

ಡಾಕ್ಟರಮ್ಮ ಮೂರನೆಯ ಸಲ ಬೆರಳಿಟ್ಟರು.