ಕಳಂಬೋಲಿಯ ಖೋಲಿಯಲ್ಲಿ ಒಂದು ಕೌದಿ

ಇಲ್ಲಿ ಡಬ್ಬಿಯೊಳಗಿನ ಗುಂಡುಸೂಜಿಗಳು ತಾವಾಗಿಯೇ ಸದ್ದು ಮಾಡುತ್ತವೆ. ನಾವು ಬಂದ ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ಕುಳಿತಾಗ ಹಲಗೆಯ ಮೇಲಿನ ತಗಡಿನ ಡಬ್ಬಿ ಕಿಣಿಕಿಣಿ ಎಂದಿತು. ಇಲಿ ಇರಬೇಕೆಂದು ಮುಚ್ಚಳ ತೆಗೆದೆ. ಸೂಜಿಗಳು ನಡುಗುತ್ತಿದ್ದವು. ಅಂಗೈ ಇಟ್ಟು ನೋಡಿದೆ, ನೆಲವೂ ನಡುಗುತ್ತಿತ್ತು.

"ಭೂಕಂಪ ಏನ್ರಿ?" ಎಂದು ಹೆಂಡತಿ ಗಂಗಾ ಹಾಸಿಗೆಯಿಂದಲೇ ಕೇಳಿದಳು.

ಭೂಕಂಪವಲ್ಲ. ಕಬ್ಬಿಣದ ಸುರುಳಿಗಳನ್ನು ಹೇರಿಕೊಂಡ ಟ್ರೇಲರ್‌ಗಳು ಹಿಂದಿನ ರಸ್ತೆಯಲ್ಲಿ ಸಾಲಾಗಿ ಮಾರುಕಟ್ಟೆಗೆ ಹೋಗುತ್ತಿದ್ದವು. ವಿಜಯಪುರದ ನಮ್ಮ ಮನೆಗೆ ಶಹಾಬಾದ್ ಕಲ್ಲಿನ ನೆಲ. ನಲವತ್ತು ವರ್ಷ ಅದರ ಮೇಲೆ ಕುಳಿತವನು ನಾನು. ನೆಲ ಅಲುಗೀತೆಂದು ಎಂದೂ ಯೋಚಿಸಿರಲಿಲ್ಲ.

ನಾನು ಟೇಲರ್. ಮೂವತ್ನಾಲ್ಕು ವರ್ಷ ಪೊಲೀಸರ ಖಾಕಿ ಸಮವಸ್ತ್ರ ಹೊಲಿದು ನಿವೃತ್ತನಾದವನು. ಒಂಬತ್ತಕ್ಕೆ ಗಂಟೆ, ಒಂದಕ್ಕೆ ಊಟ, ಐದೂವರೆಗೆ ಮಷೀನಿಗೆ ಎಣ್ಣೆ ಹಾಕಿ ಬಟ್ಟೆ ಮುಚ್ಚುವುದು. ಇಂಚಿಗೆ ಹನ್ನೆರಡು ಹೊಲಿಗೆ. ಹನ್ನೊಂದಾದರೆ ಬಿಚ್ಚು, ಮತ್ತೆ ಹಾಕು. ಈ ಶಿಸ್ತು ನನಗೆ ಅನ್ನ ಕೊಟ್ಟಿತು. ಅದು ಏನನ್ನು ಕಿತ್ತುಕೊಂಡಿತೆಂಬುದನ್ನು ಊರಿನವರಿಗೆ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಗಂಗಾಳ ಎದೆಯಲ್ಲಿ ಗಂಟು ಕಾಣಿಸಿತು. ಊರಿನ ಡಾಕ್ಟರು ಮರಾಠಿ ಸೀಮೆಯ ಈ ಊರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ನನ್ನ ತಂಗಿಯ ಮಗ ಮಲ್ಲಪ್ಪ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಲೋಡಿಂಗ್ ಕೆಲಸದಲ್ಲಿದ್ದಾನೆ. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟಿದ್ದಾನೆ. "ಮಾಮಾ, ನನ್ನ ಖೋಲಿ ನೀವ್ ಇಟ್ಕೋರಿ. ನಾ ಗೋಡೌನಿನಾಗ ಹುಡುಗ್ರ ಜೋಡಿ ಮಲಗ್ತೀನಿ" ಎಂದು ಕೀಲಿಕೈ ಕೊಟ್ಟು ಹೋದ. ಖೋಲಿ ಇದ್ದದ್ದು ಬೈಠಿ ಚಾಳ್‌ನಲ್ಲಿ. ಮಹಡಿಯಿಲ್ಲದೆ ಸಾಲಾಗಿ ಕಟ್ಟಿದ ಒಂಟಿ ಕೋಣೆಗಳಿಗೆ ಇಲ್ಲಿ ಹಾಗೆನ್ನುತ್ತಾರೆ. ಹತ್ತಡಿ, ಹನ್ನೆರಡಡಿ. ನಾನು ಮೊದಲ ದಿನವೇ ಟೇಪು ಹಿಡಿದು ಅಳೆದೆ. ಒಂದು ಕಬ್ಬಿಣದ ಮಂಚ, ಒಲೆಯ ಕಟ್ಟೆ, ನೀರಿನ ಡ್ರಮ್ಮು. ಮಿಕ್ಕ ನೆಲದಲ್ಲಿ ಇಬ್ಬರು ಎದುರುಬದುರು ಕೂತು ಉಣ್ಣಬಹುದು, ಅಷ್ಟೆ.

ಗಂಗಾ ಊರಿನಿಂದ ಎರಡು ಗಂಟು ತಂದಿದ್ದಳು. ಒಂದರಲ್ಲಿ ಆಸ್ಪತ್ರೆಯ ಕಾಗದ ಮತ್ತು ಬಟ್ಟೆಬರೆ. ಇನ್ನೊಂದರಲ್ಲಿ ಮೆತ್ತಗಾದ ಹಳೆಯ ಇಳಕಲ್ ಸೀರೆಗಳು, ನನ್ನ ಎರಡು ಧೋತರ.

"ಇವ್ಯಾಕ?" ಎಂದೆ.

"ಇಲ್ಲಿ ಖಾಲಿ ಕುಂತು ಏನ್ ಮಾಡ್ಲಿ? ಒಂದು ಕೌದಿ ಹೊಲೀತೀನಿ."

ಕೌದಿ ಹೊಲಿಯುವುದೆಂದರೆ ಊರಲ್ಲಿ ಅಂಗಳದ ಕೆಲಸ. ಬೇವಿನ ನೆರಳಲ್ಲಿ ಹಾಸಿ, ನಾಲ್ಕು ಬದಿಗೆ ನಾಲ್ಕು ಹೆಂಗಸರು ಕೂತು, ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುತ್ತಾರೆ. ಅವರು ಆಡದ ಮಾತಿಲ್ಲ, ಬಿಡಿಸದ ಮನೆಯಿಲ್ಲ. ಇಲ್ಲಿ ಅಂಗಳವಿಲ್ಲ, ಹೆಂಗಸರಿಲ್ಲ. ಐದಡಿ ಅಗಲ, ಏಳಡಿ ಉದ್ದದ ಕೌದಿ ಹಾಸಲು ನೆಲವೇ ಇಲ್ಲ.

ನೆಲ ಮಾಡಿಕೊಡುವುದು ನನ್ನ ಕೆಲಸವೆಂದುಕೊಂಡೆ. ಮಂಚವನ್ನು ಎತ್ತಿ ಗೋಡೆಗೆ ನಿಲ್ಲಿಸಿ, ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದೆ. ಡ್ರಮ್ಮನ್ನು ಬಾಗಿಲಿನ ಹಿಂದಕ್ಕೆ ಸರಿಸಿದೆ. ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಹಾಕಿ, ಇದು ಒಲೆಯ ಜಾಗ, ಇದು ಕೌದಿಯ ಜಾಗ ಎಂದು ಗೊತ್ತುಮಾಡಿದೆ. ವೇಳಾಪಟ್ಟಿಯನ್ನೂ ಬರೆದೆ. ಐದೂವರೆಗೆ ಚಾಳಿನ ಹೆಂಗಸರು "ಪಾಣಿ ಆಲಾ" ಎಂದು ಕೂಗುತ್ತಾರೆ, ನಳಕ್ಕೆ ನೀರು ಬಂತು ಎಂದರ್ಥ. ಆರೂಕಾಲರವರೆಗೆ ನೀರು ತುಂಬುವುದು. ಎಂಟಕ್ಕೆ ಗಂಜಿ, ಗುಳಿಗೆ. ಹತ್ತರಿಂದ ಹನ್ನೆರಡು ಕೌದಿ. ಹನ್ನೆರಡಕ್ಕೆ ಮಡಚಿ, ಮಂಚ ಇಳಿಸಿ, ಅವಳು ಮಲಗಬೇಕು.

ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ಗಂಗಾ ನಕ್ಕಳು. "ಕೌದಿಗೂ ಹಾಜರಿ ಹಾಕ್ತೀರೇನು?"

ಆದರೂ ಹತ್ತು ಹೊಡೆಯುವಷ್ಟರಲ್ಲಿ ಅವಳು ದಾರದುಂಡೆ ಹಿಡಿದು ಕೂತಿರುತ್ತಿದ್ದಳು. ಈ ಊರಿನಲ್ಲಿ ನಾವು ಗೆದ್ದ ಮೊದಲ ಜಾಗ ಅದು, ಐದಡಿಗೆ ಏಳಡಿ, ದಿನಕ್ಕೆ ಎರಡು ತಾಸು.

ಮೂರನೆಯ ದಿನ ಪಕ್ಕದ ಖೋಲಿಯ ಮಾಲನ್‌ಬಾಯಿ ಬಾಗಿಲಲ್ಲಿ ನಿಂತಳು. ಸೋಲಾಪುರದ ಕಡೆಯವಳು, ಅರ್ಧ ಮರಾಠಿ, ಅರ್ಧ ಕನ್ನಡ. "ಅಗ ಬಾಯಿ, ಗೋಧಡಿ?" ಎಂದಳು. ಕೌದಿಗೆ ಅವರ ಹೆಸರು ಗೋಧಡಿ. ಕೇಳದೆ ಒಳಗೆ ಬಂದು ಎದುರು ಬದಿಗೆ ಕೂತು ಸೂಜಿ ಹಿಡಿದಳು. ಗಂಗಾ ಅವಳ ಕೈಯಿಂದ ಸೂಜಿ ಇಸಿದುಕೊಂಡಳು.

"ನೀವು ಮಾತಾಡ್ರಿ ಸಾಕು. ಇದ್ರಾಗ ಬ್ಯಾರೆ ಕೈ ಬ್ಯಾಡ."

"ಎವಢಾ ಹಟ್ಟ, ನೋಡ್ರಿ ಮಾಸ್ತರ್," ಎಂದಳು ಮಾಲನ್‌ಬಾಯಿ ನನ್ನ ಕಡೆ ತಿರುಗಿ. "ನಿಮ್ಮ ಬಾಯ್ಕೋ ನನಗ ಬರೇ ಬಾಯಿ ಕೆಲ್ಸ ಕೊಟ್ಲು." ಎವಢಾ ಹಟ್ಟ ಎಂದರೆ ಎಷ್ಟು ಹಟ, ಬಾಯ್ಕೋ ಎಂದರೆ ಹೆಂಡತಿ. ಆ ಕೆಲಸವನ್ನು ಅವಳು ಚೆನ್ನಾಗಿಯೇ ಮಾಡಿದಳು. ಮರುದಿನದಿಂದ ಹತ್ತಕ್ಕೆ ಅವಳೂ ಹಾಜರು.

ಇಪ್ಪತ್ತೊಂದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಸಲಾಯಿನ್ ಜೊತೆ ಔಷಧ ಏರಿಸುತ್ತಿದ್ದರು. ಬಾಯಲ್ಲಿ ಹುಣ್ಣಾಗಿ ಜೋಳದ ರೊಟ್ಟಿ ನಿಂತಿತು. ಮಾಲನ್‌ಬಾಯಿ ಪೇಜ್ ತರುತ್ತಿದ್ದಳು, ನಮ್ಮ ಅಕ್ಕಿಗಂಜಿಯೇ, ಉಪ್ಪು ಒಂದಿಷ್ಟು ಹೆಚ್ಚು. ನಾಲ್ಕನೆಯ ಸಲದ ನಂತರ ಗಂಗಾಳ ಬೆರಳ ತುದಿಗಳು ಜುಮ್ಮೆನ್ನತೊಡಗಿದವು. ಸೂಜಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಚುಚ್ಚಿದರೆ ರಕ್ತ ನೋಡಿಯೇ ತಿಳಿಯಬೇಕು. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ಒಂದು ಮೇಲೆ, ಒಂದು ಕೆಳಗೆ. ಸಾಲುಗಳು ಸೀರೆಯ ಮೇಲೆ ಇರುವೆಗಳ ಹಾಗೆ ಡೊಂಕಾಗಿ ಹರಿದವು.

ಬೆಳಿಗ್ಗೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು ನನ್ನ ಪಾಲಿನ ಕೆಲಸವಾಗಿತ್ತು. ಅದನ್ನು ಮಾಡಿ ಬಾಗಿಲಲ್ಲಿ ಕೂತು, ಆ ಸಾಲುಗಳನ್ನು ನೋಡುತ್ತಿದ್ದೆ. ನನ್ನ ಕಣ್ಣು ಅವನ್ನು ಸಹಿಸುತ್ತಿರಲಿಲ್ಲ. ಇದ್ದದ್ದನ್ನೇ ಹೇಳುತ್ತೇನೆ. ಮದುವೆಯಾದಾಗಿನಿಂದ ಅವಳ ಹೊಲಿಗೆಯನ್ನು ನಾನು ಹಂಗಿಸುತ್ತಲೇ ಬಂದವನು.

ಐದನೆಯ ಸಲ ಜ್ವರ ಬಂತು. ಎಂಟು ದಿನ ವಾರ್ಡಿನಲ್ಲಿಟ್ಟುಕೊಂಡರು. ಹೆಂಗಸರ ವಾರ್ಡಿನಲ್ಲಿ ಗಂಡಸರಿಗೆ ಸಂಜೆ ಎರಡು ತಾಸು ಮಾತ್ರ ಪ್ರವೇಶ. ಹಗಲು ಮಾಲನ್‌ಬಾಯಿ ಅವಳ ಬಳಿ ಇದ್ದಳು. ನಾನು ಖೋಲಿಯಲ್ಲಿ ಒಬ್ಬನೇ. ಹತ್ತಾದ ಕೂಡಲೇ ಅಭ್ಯಾಸದಂತೆ ಮಂಚ ಎತ್ತಿ ಕಟ್ಟಿದೆ, ಕೌದಿ ಹಾಸಿದೆ. ಹನ್ನೊಂದು ಸುತ್ತು ಹೊಲಿದಿದ್ದಳು. ಇನ್ನು ಆರೇಳು ಸುತ್ತು ಉಳಿದಿತ್ತು. ಅವಳು ಮನೆಗೆ ಬರುವಷ್ಟರಲ್ಲಿ ಇದು ಮುಗಿದಿದ್ದರೆ ಎಷ್ಟು ಹಗುರಾಗುತ್ತಾಳೆ ಎಂದು ಯೋಚಿಸಿದೆ. ಉಳಿದದ್ದನ್ನಷ್ಟೇ ಹೊಲಿಯಬಹುದಿತ್ತು. ಆದರೆ ಡೊಂಕು ಸಾಲಿನ ಪಕ್ಕ ನೆಟ್ಟಗಿನ ಸಾಲು ಹಾಕಲು ನನ್ನ ಕೈ ಒಪ್ಪಲಿಲ್ಲ.

ಬ್ಲೇಡು ತೆಗೆದುಕೊಂಡೆ. ಮೂರು ದಿನ ಅವಳ ಹೊಲಿಗೆಯನ್ನು ಬಿಚ್ಚಿದೆ, ಬಟ್ಟೆಗೆ ಒಂದು ಗೀರೂ ಬೀಳದ ಹಾಗೆ. ಬಿಚ್ಚಿದ ದಾರವನ್ನು ಮುದ್ದೆ ಮಾಡಿ ಕಸದ ಗಾಡಿಗೆ ಹಾಕಿದೆ. ನೆಲ ಗುಡಿಸಿದೆ. ನಾಲ್ಕನೆಯ ದಿನ, ಸಣ್ಣದೊಂದು ಕೆಲಸವಿದೆಯೆಂದು ಮಾಲನ್‌ಬಾಯಿಯನ್ನು ಕೇಳಿ ಅವಳ ಹೊಲಿಗೆ ಮಷೀನಿಗೆ ಕೂತೆ. ಸ್ಕೇಲು ಇಟ್ಟು ಗೆರೆ ಎಳೆದು ಹೊಲಿದೆ. ಏಳನೆಯ ದಿನ ಮಧ್ಯಾಹ್ನ ಕೌದಿ ಮುಗಿಯಿತು. ಎಲ್ಲಿಂದ ನೋಡಿದರೂ ಗೆರೆ ನೆಟ್ಟಗೆ. ಆ ಮಧ್ಯಾಹ್ನದಷ್ಟು ಸಂತೋಷ ನನಗೆ ಆಮೇಲೆ ಆಗಿಲ್ಲ.

ಗಂಗಾ ಬಂದಳು. ಮಂಚದ ಮೇಲೆ ಹಾಸಿಟ್ಟಿದ್ದೆ. ಕೈಯಾಡಿಸಿದಳು. ಬೆರಳಿಗೆ ಏನೂ ತಿಳಿಯಲಿಲ್ಲವೇನೋ, ಅಂಚನ್ನೆತ್ತಿ ಕೆನ್ನೆಗೆ ಒತ್ತಿಕೊಂಡಳು.

"ನನ್ನ ಹೊಲಿಗಿ ಎಲ್ಲಿ?"

"ಎಲ್ಲಾ ಸರಿ ಮಾಡೀನಿ. ನೀ ಇನ್ನ ತ್ರಾಸ ತಗೋಬ್ಯಾಡ."

ಅಂಚನ್ನು ಕೆಳಗಿಟ್ಟಳು. "ಛಲೋ ಆಗ್ಯಾದ" ಎಂದಳು.

ಮರುದಿನ ಹತ್ತಕ್ಕೆ ನಾನು ಮಂಚ ಎತ್ತಲು ಹೋದರೆ ಅವಳು ಅದರ ಮೇಲಿಂದ ಏಳಲಿಲ್ಲ. "ಮುಗದದಲ್ರಿ. ಇನ್ನೇನ್ ಕೆಲ್ಸ ಅದ?" ಎಂದು ಗೋಡೆಯ ಕಡೆ ಹೊರಳಿದಳು. ಬಾಗಿಲಿಗೆ ಬಂದ ಮಾಲನ್‌ಬಾಯಿ ಕೌದಿ ನೋಡಿದಳು, ನನ್ನನ್ನು ನೋಡಿದಳು. ಹೊರಗಿನ ಕಟ್ಟೆಗೆ ನನ್ನನ್ನು ಕರೆದಳು.

"ಇದಕ್ಕಾ ನನ್ನ ಮಷೀನ್ ಬೇಕಾಗಿತ್ತು? ಮಾಸ್ತರ್, ಆಕಿ ನನಗೂ ಒಂದು ಟಾಕಾ ಹಾಕಾಕ ಬಿಡ್ಲಿಲ್ಲ. ಯಾಕಂತ ಎಂದಾದ್ರೂ ಕೇಳಿದ್ರೇನು ನೀವು?"

ಟಾಕಾ ಎಂದರೆ ಹೊಲಿಗೆ. ನಾನು ಕೇಳಿರಲಿಲ್ಲ.

ಸಂಜೆ ಕೇಳಿದೆ. ಗಂಗಾ ತಡವರಿಸದೆ ಹೇಳಿದಳು, ಬಹಳ ದಿನದಿಂದ ಸಿದ್ಧವಿದ್ದ ಮಾತಿನ ಹಾಗೆ. "ನೀವು ಜನ್ಮಪೂರ್ತಿ ಮಂದಿ ಮೈಗೆ ಹೊಲಿದ್ರಿ. ಅದಕ್ಕ ಅಳತಿ ಬೇಕು. ಇದು ನಿಮಗ ಹೊಚ್ಚಿಕೊಳ್ಳಾಕ. ನನ್ನ ಹಿಂದ ಮೈ ಮ್ಯಾಲೆ ಎಳ್ಕೊಂಡಾಗ ನನ್ನ ಕೈ ತಿಳೀಲಿ ಅಂತ ಹೊಲೀತಿದ್ದೆ. ಡೊಂಕ ಇದ್ರ ಡೊಂಕ. ಅದು ನಂದು."

ನಾನು ಅಂಗಿ ಹಾಕಿಕೊಂಡು ಕಸದ ಗಾಡಿ ನಿಲ್ಲುವ ಮೂಲೆಯವರೆಗೆ ಹೋಗಿ ನಿಂತು ಬಂದೆ. ದಾರ ಹೋಗಿ ಆರು ದಿನವಾಗಿತ್ತು.

ಮರುದಿನವೇ ನನ್ನ ಮಷೀನು ಹೊಲಿಗೆಯನ್ನು ಬಿಚ್ಚಲು ಕೂತೆ. ಅದು ಬೇಗ ಬಿಚ್ಚಿಕೊಳ್ಳುವುದಿಲ್ಲ, ಇಂಚಿಗೆ ಹನ್ನೆರಡು. ಗಂಗಾ ನೋಡುತ್ತ ಮಲಗಿದ್ದಳು. "ಈಗ ನನ್ನ ಕಡೆ ಆಗೂದಿಲ್ಲ, ಬಿಡ್ರಿ" ಎಂದಳು. ನಾನು ಬಿಡಲಿಲ್ಲ. ಅಂಚಿನ ಮೊದಲ ಸುತ್ತು ಬಿಚ್ಚಿದ ದಿನ ಅವಳನ್ನು ಎಬ್ಬಿಸಿ ಕೂರಿಸಿದೆ. ಸೂಜಿ ಹಿಡಿಸಿದೆ. ಕೌದಿಯನ್ನು ಅವಳ ತೊಡೆಯ ಮೇಲೆ ಮಡಚಿ ಇಟ್ಟೆ. ಹತ್ತಕ್ಕೆ ಶುರುಮಾಡಿದರೆ ಹತ್ತೂಕಾಲಿಗೆ ಕೈ ಸೋಲುತ್ತಿತ್ತು. ಒಂದು ದಿನ ನಾಲ್ಕು ಹೊಲಿಗೆ, ಒಂದು ದಿನ ಎರಡು. ಹದಿಮೂರು ದಿನದಲ್ಲಿ ಮೂವತ್ತೊಂದು ಹೊಲಿಗೆ. ನಡುವೆ ಒಮ್ಮೆ ನನ್ನ ಮುಖ ನೋಡಿ, "ಎಣಸಬ್ಯಾಡ್ರಿ" ಎಂದಳು. ಎಣಿಸದಿರುವುದು ನನಗೆ ಬರುವುದಿಲ್ಲ.

ಹದಿನಾಲ್ಕನೆಯ ದಿನ ಬೆಳಿಗ್ಗೆ ಇಪ್ಪತ್ತು ಸೂಜಿ ಪೋಣಿಸಿಟ್ಟಿದ್ದೆ. ಎಂಟರ ಗಂಜಿಗೆ ಎಬ್ಬಿಸಲು ಹೋದಾಗ ಅವಳಲ್ಲಿ ಉಸಿರಿರಲಿಲ್ಲ.

ಮಲ್ಲಪ್ಪ ಗಾಡಿ ಮಾಡಿದ. ಊರಿಗೆ ಒಯ್ದು, ನಮ್ಮ ಹೊಲದಲ್ಲಿ ಅವ್ವ ಅಪ್ಪನ ಪಕ್ಕ ಮಣ್ಣು ಮಾಡಿದೆವು. ಒಂದು ತಿಂಗಳು ಅಲ್ಲೇ ಇದ್ದೆ. ಮನೆ ದೊಡ್ಡದು. ಬೇವಿನ ನೆರಳಲ್ಲಿ ಯಾರದೋ ಕೌದಿ ಹಾಸಿದ್ದರು. ನಾಲ್ವರಲ್ಲಿ ಮೂವರೇ ಇದ್ದರು, ನಾಲ್ಕನೆಯ ಬದಿಯನ್ನು ಖಾಲಿ ಬಿಟ್ಟಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಅಲ್ಲಿ ಎಲ್ಲರಿಗೂ ಗೊತ್ತಿರುವುದು ನಲವತ್ತು ವರ್ಷದ ಗಂಗಾ. ಆ ಎರಡು ತಾಸಿನ ಗಂಗಾಳನ್ನು, ಸೀಮೆಸುಣ್ಣದ ಗೆರೆಯೊಳಗೆ ಕೂತವಳನ್ನು ಬಲ್ಲವರು ಅಲ್ಲಿ ಯಾರೂ ಇಲ್ಲ.

ಸಾಮಾನು ತರುತ್ತೇನೆಂದು ಹೇಳಿ ಕಳಂಬೋಲಿಗೆ ಬಂದವನು ಇನ್ನೂ ಇಲ್ಲೇ ಇದ್ದೇನೆ. ಮಲ್ಲಪ್ಪ ಖೋಲಿಗೆ ಮರಳಿದ್ದಾನೆ. ರಾತ್ರಿ ಮಂಚ ನನಗೆ, ನೆಲ ಅವನಿಗೆ. ಬೆಳಿಗ್ಗೆ ಎಂಟಕ್ಕೆ ಅವನು ಮಾರುಕಟ್ಟೆಗೆ ಹೋಗುತ್ತಾನೆ. ಹತ್ತಕ್ಕೆ ನಾನು ಮಂಚ ಎತ್ತಿ ಕಟ್ಟುತ್ತೇನೆ. ಈಗ ಮಾಲನ್‌ಬಾಯಿ ತನ್ನ ಗೋಧಡಿಯನ್ನು ಇಲ್ಲೇ ತಂದು ಹಾಸುತ್ತಾಳೆ. ರಾಯಚೂರಿನ ಕಡೆಯ ಇಬ್ಬರು ಹೆಂಗಸರು ಕೆಲಸವಿಲ್ಲದ ದಿನ ಬಂದು ಕೂಡುತ್ತಾರೆ. "ಮಾಸ್ತರ್, ಹನ್ನೆರಡಕ್ಕ ಎಬ್ಬಿಸ್ತೀರಿ ಅಂತ ಗೊತ್ತದ, ಗಡಿಯಾರ ನೋಡಬ್ಯಾಡ್ರಿ" ಎಂದು ಹಾಸ್ಯ ಮಾಡುತ್ತಾರೆ. ನಾನು ಸೂಜಿ ಪೋಣಿಸಿ ಕೊಡುತ್ತೇನೆ.

ಅವರು ಬಾರದ ದಿನ ನಮ್ಮ ಕೌದಿ ತೆಗೆಯುತ್ತೇನೆ. ನಮ್ಮ ಮನೆಗಳಲ್ಲಿ ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಐದು ಕಾಳು ಜೋಳ ಒಳಗೆ ಹಾಕುತ್ತಾರೆ, ಕೌದಿ ಹಸಿದಿರಬಾರದೆಂದು. ಗಂಗಾ ಆ ಕಾಳುಗಳನ್ನು ಊರಿನಿಂದಲೇ ಸೆರಗಿನ ಚೂರಿನಲ್ಲಿ ಕಟ್ಟಿ ತಂದಿದ್ದಳು. ಗುಂಡುಸೂಜಿಯ ಡಬ್ಬಿಯ ತಳದಲ್ಲಿ ಸಿಕ್ಕವು. ಮೂಲೆ ಇನ್ನೂ ತೆರೆದಿದೆ. "ಹಾಕಿ ಮುಚ್ಚಿಬಿಡ್ರಿ" ಎನ್ನುತ್ತಾಳೆ ಮಾಲನ್‌ಬಾಯಿ. ಮಷೀನು ಹೊಲಿಗೆಯನ್ನು ಈಗ ಪೂರಾ ಬಿಚ್ಚಿದ್ದೇನೆ. ಅಂಚಿನಲ್ಲಿ ಅವಳ ಮೂವತ್ತೊಂದು ಹೊಲಿಗೆ, ಅದರ ಮುಂದಕ್ಕೆ ನಾನು ಕೈಯಿಂದ ಹೊಲಿಯುತ್ತಿದ್ದೇನೆ, ದಿನಕ್ಕೆ ಒಂದು ಗೇಣು. ಅವಳ ಹಾಗೆ ಹೊಲಿಯಲು ನೋಡಿದೆ. ಆಗುವುದಿಲ್ಲ. ಎಷ್ಟು ಸಡಿಲ ಬಿಟ್ಟರೂ ನನ್ನ ಕೈ ನೆಟ್ಟಗೇ ಹೋಗುತ್ತದೆ. ಅವಳು ಎಲ್ಲಿ ಮುಗಿದಳು, ನಾನು ಎಲ್ಲಿ ಶುರುವಾದೆ ಎಂಬುದು ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ.

ಊರಿನಿಂದ ನನ್ನ ತಮ್ಮ ಫೋನು ಮಾಡುತ್ತಾನೆ. "ಅಣ್ಣಾ, ಅಲ್ಲೇನದ ಈಗ? ಬಂದ್ಬಿಡು."

"ಕೌದಿ ಮುಗೀಲಿ" ಎನ್ನುತ್ತೇನೆ.

ಅವಳ ಮಣ್ಣು ಅಲ್ಲಿದೆ. ಮುಗಿದ ಮೇಲೆ ಹೋಗಲೇಬೇಕಾಗುತ್ತದೆ, ಅದಕ್ಕೇ ದಿನಕ್ಕೆ ಒಂದೇ ಗೇಣು. ನಿನ್ನೆ ಬೆಳಿಗ್ಗೆ ಸೂಜಿ ಬಟ್ಟೆಯೊಳಗೆ ಇಳಿಯುವ ಹೊತ್ತಿಗೆ ಹಿಂದಿನ ರಸ್ತೆಯಲ್ಲಿ ಟ್ರೇಲರ್ ಬಂತು. ಡಬ್ಬಿ ಕಿಣಿಕಿಣಿ ಎಂದಿತು, ನೆಲ ನಡುಗಿತು, ನನ್ನ ಕೈ ಜಾರಿತು. ಸಾಲಿನಿಂದ ಎರಡು ನೂಲಿನಷ್ಟು ಕೆಳಗೆ ಒಂದು ಹೊಲಿಗೆ ಬಿತ್ತು. ಅಭ್ಯಾಸದಂತೆ ಬ್ಲೇಡು ಎತ್ತಿಕೊಂಡೆ. ಆಮೇಲೆ ಅದನ್ನು ಡಬ್ಬಿಯೊಳಗೆ ಜೋಳದ ಪಕ್ಕ ಇಟ್ಟು, ಮುಂದಿನ ಹೊಲಿಗೆ ಹಾಕಿದೆ.